ಏಳನೇ ಗುಂಪಿಗೆ ನೂರಿಪ್ಪತ್ತು ರೊಟ್ಟಿ

ಶನಿವಾರ ಬೆಳಿಗ್ಗೆ ಸ್ಪಂದನಾ ಇಂಗ್ಲೆಂಡಿನ ಸೊಲಿಹಲ್‌ನಿಂದ ಒಂದು ಗಂಟೆ ಕಾರು ಓಡಿಸಿಕೊಂಡು ಬಂದು ಲಫ್‌ಬರೋದ ನನ್ನ ಮನೆಯ ಬೆಲ್ ಒತ್ತಿದಳು. ಬಂದದ್ದು ಜಗಳಕ್ಕೆ. ನನಗೋ, ಅವಳು ಬಂದದ್ದಷ್ಟೇ ಕಾಣುತ್ತಿತ್ತು.

“ಏನ್ರಿ ಶರಣ್, ನಿಮ್ಮ ಸಾಫ್ಟ್‌ವೇರಿಗೆ ತಲಿ ಕೆಟ್ಟೈತೇನು? ನೂರಿಪ್ಪತ್ತು ಜೋಳದ ರೊಟ್ಟಿ, ಮಾಡೋರು ನಾವಿಬ್ಬರೇ!”

ವಿಷಯ ಇಷ್ಟೇ. ಭಾನುವಾರ ಬೀಸ್ಟನ್‌ನಲ್ಲಿ ನಮ್ಮವರ ಬಸವ ಜಯಂತಿಯ ಊಟ. ಹೋದ ವರ್ಷ ಒಂಬತ್ತು ಮನೆಯವರು ಹುಗ್ಗಿ ತಂದಿದ್ದರು, ರೊಟ್ಟಿಯನ್ನು ಒಬ್ಬರೂ ತಂದಿರಲಿಲ್ಲ. ಹಾಗಾಗಿ ಈ ಸಲ ಊಟದ ಉಸ್ತುವಾರಿ ಹೊತ್ತ ಡಾಕ್ಟರ್ ನೀಲಮ್ಮನವರು ಅಡುಗೆ ಹಂಚುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ನನ್ನ ಹೊಟ್ಟೆಪಾಡೇ ಹಂಚುವುದು. ಕಾರಿನ ಸುತ್ತ ಗಾಳಿ ಹೇಗೆ ಹರಿಯುತ್ತದೆಂದು ಲೆಕ್ಕ ಹಾಕಲು ಕೋಟಿಗಟ್ಟಲೆ ತುಂಡುಗಳ ಒಂದು ಮೆಶ್ ಮಾಡುತ್ತಾರೆ. ಅದನ್ನು ನೂರಾರು ಪ್ರೊಸೆಸರ್‌ಗಳಿಗೆ ಸಮನಾಗಿ ಕತ್ತರಿಸಿ ಕೊಡುವ ಸಾಫ್ಟ್‌ವೇರನ್ನು ಮೂರು ವರ್ಷದಿಂದ ಬರೆಯುತ್ತಿದ್ದೇನೆ. ಯಾರಿಗೂ ಕೆಲಸ ಹೆಚ್ಚಾಗಬಾರದು, ಗಟ್ಟಿ ನಂಟಿದ್ದವು ಬೇರೆಯಾಗಬಾರದು. ಮೂವತ್ತು ಮನೆಗಳನ್ನೂ ಹಾಗೇ ಅದಕ್ಕೆ ಕೊಟ್ಟಿದ್ದೆ. ಹತ್ತಿರದ ಮನೆಗಳು ಒಂದೇ ಗುಂಪಿಗೆ ಬರಲೆಂದು ಅವುಗಳ ನಂಟಿಗೆ ಹೆಚ್ಚೆಂದರೆ ಹತ್ತು ಅಂಕ.

“ನಮ್ಮ ಓಣಿಯಾಗ ಪೂಜಿತಾ ಅದಾಳ. ಅಕಿನ್ನ ಬಿಟ್ಟು ನಲವತ್ತು ಮೈಲಿ ದೂರದ ನಿಮ್ಮ ಜೋಡಿ ಯಾಕ ಹಾಕೈತಿ?” ಸ್ಪಂದನಾ ಕನ್ನಡಕ ಮೇಲೇರಿಸಿದಳು. “ಮೂವತ್ತು ಮನಿ ಹಂಚಾಕ ಬರಲಾರದ್ದು ನಮ್ಮ ಕಾರಿನ ಮೆಶ್ ಏನು ಹಂಚತೈತಿ? ಸೋಮವಾರ ರಿಪೋರ್ಟಿನ್ಯಾಗ ಬ್ಯಾಡ ಅಂತ ಬರೀತೀನಿ.”

ಅವಳ ಕಾರ್ ಕಂಪನಿ ನನ್ನ ಸಾಫ್ಟ್‌ವೇರನ್ನು ತೆಗೆದುಕೊಳ್ಳುವುದೋ ಬಿಡುವುದೋ ಎಂಬುದು ಅವಳ ರಿಪೋರ್ಟಿನ ಮೇಲೆ ನಿಂತಿತ್ತು. ಮೂರು ತಿಂಗಳಿಂದ ಪ್ರತಿ ಗುರುವಾರ ವಿಡಿಯೋ ಕಾಲ್‌ನಲ್ಲಿ ಇದೇ ಕನ್ನಡಕ ಹೀಗೇ ಮೇಲೇರುತ್ತಿತ್ತು, “ಇನ್ನೊಂದು ಬಗ್ ಸಿಕ್ತ್ರಿ” ಎಂಬ ಮಾತು ಬರುತ್ತಿತ್ತು. ಬಗ್ ಸಿಗದೆ ಕಾಲ್ ಬೇಗ ಮುಗಿದ ಗುರುವಾರ ನನಗೆ ಊಟ ಸೇರುತ್ತಿರಲಿಲ್ಲ.

ಮೂರು ವರ್ಷದ ಕೆಲಸ ಉಳಿಯಬೇಕಾದರೆ ಮೂರು ತಿಂಗಳ ಗುಟ್ಟು ಬಿಡಬೇಕಿತ್ತು.

“ಸಾಫ್ಟ್‌ವೇರಿಂದು ತಪ್ಪಿಲ್ರಿ. ಈ ಫೈಲ್ ನೋಡ್ರಿ,” ಎಂದು ಲ್ಯಾಪ್‌ಟಾಪ್ ತಿರುಗಿಸಿದೆ.

ಅವಳ ಬೆರಳು ಸಾಲುಗಳ ಮೇಲೆ ಇಳಿಯುತ್ತಾ ಬಂದು ನಮ್ಮಿಬ್ಬರ ಮನೆಗಳ ನಂಟಿನ ಅಂಕದ ಮೇಲೆ ನಿಂತಿತು. ಅಲ್ಲಿ 9999 ಎಂದಿತ್ತು.

“ಇದೇನ್ರಿ?”

“ನಮ್ಮಿಬ್ಬರ ನಡುವ ಕತ್ತರಿ ಹಾಕಬ್ಯಾಡ ಅಂತ. ಒಮ್ಮೆ ನೋಡಿ ಖುಷಿಪಟ್ಟು ಅಳಸೋಣಂತ ಹಾಕಿದ್ದೆ. ಅಳಸೂದು ಮರತು ನೀಲಮ್ಮಾರಿಗೆ ಕಳಿಸಿಬಿಟ್ಟೆ. ನೀವಂದ್ರ ನನಗ ಭಾಳ ಇಷ್ಟ ರೀ.”

ಅವಳು ನನ್ನತ್ತ ನೋಡಲಿಲ್ಲ. ನಂಟಿನ ಅಂಕಿ ಎರಡೂ ಮನೆಗಳ ಸಾಲಿನಲ್ಲಿ ಒಂದೇ ಇರಬೇಕು, ಇಲ್ಲದಿದ್ದರೆ ಸಾಫ್ಟ್‌ವೇರ್ ಓಡುವುದಿಲ್ಲ. ಅದು ಅವಳಿಗೂ ಗೊತ್ತು.

“ನನ್ನ ಸಾಲಿನ್ಯಾಗೂ ನೀವೇ ಬರದೀರಿ. ನನ್ನ ಕೇಳೀರೇನು?”

“ಇಲ್ಲ.”

ತನ್ನ ಸಾಲಿನ ಅಂಕಿಯನ್ನು ಅವಳು ಅಳಿಸಿದಳು. ಅತ್ತುಬಿಡುತ್ತೇನೇನೋ ಅನ್ನಿಸಿತು. ಆಮೇಲೆ ಅವಳೇ ಒಂದೊಂದಾಗಿ ಒಂಬತ್ತು ಒತ್ತಿದಳು. ನಾಲ್ಕಲ್ಲ, ಐದು.

ಸಾಫ್ಟ್‌ವೇರ್ ಎರರ್ ಕೊಟ್ಟಿತು.

“ಓಡವಲ್ದಲ್ರಿ,” ಎಂದೆ ಪೆದ್ದನಂತೆ.

“ಹೆಂಗ ಓಡತೈತಿ? ನೀವು ಕಡಿಮಿ ಬರದೀರಿ.”

ನಾನೂ ಒಂದು ಒಂಬತ್ತು ಸೇರಿಸಿದೆ. ಸಾಫ್ಟ್‌ವೇರ್ ಓಡಿ ಅದೇ ಉತ್ತರ ಕೊಟ್ಟಿತು. ಏಳನೇ ಗುಂಪು, ಶರಣ್, ಸ್ಪಂದನಾ, ರೊಟ್ಟಿ.

“ರಿಪೋರ್ಟಿನ್ಯಾಗ ಏನು ಬರೀತೀರಿ?”

“ಸಾಫ್ಟ್‌ವೇರ್ ಛಲೋ ಐತಿ, ಬರದಾಂವಗ ತಲಿ ಕೆಟ್ಟೈತಿ ಅಂತ. ರೊಟ್ಟಿ ಬಡಿಯಾಕ ಬರತೈತೇನು?”

“ಇಲ್ರಿ.”

“ಹಂಗಾರ ಹಿಟ್ಟು ನಾದ್ರಿ. ಲೋಡ್ ಸಮ ಆಗಬೇಕಲ್ಲ.”

“ಮನ್ಯಾಗ ಹಿಟ್ಟೇ ಇಲ್ಲಲ್ರಿ.”

ಸ್ಪಂದನಾ ಕಾರಿನ ಕೀ ನನ್ನ ಕೈಗಿಟ್ಟು, ಮುಖ ಕಿಟಕಿಯ ಕಡೆ ತಿರುಗಿಸಿಕೊಂಡಳು. ಹೋಗಿ ಡಿಕ್ಕಿ ತೆರೆದೆ. ಜಗಳಕ್ಕೆ ಬಂದವಳು ಹತ್ತು ಕೆಜಿ ಜೋಳದ ಹಿಟ್ಟು ತಂದಿದ್ದಳು.