ಆರು ಮಾಸ್ಕು, ಒಂದು ಕೂಗು

ಕುರ್ಚಿ ತೋರಿಸಿದರೂ ಆ ಹೆಂಗಸು ಕೂರಲಿಲ್ಲ. "ನನ್ನ ತಮ್ಮನ್ನ ಕೊಂದವನ ಮುಖ ನೋಡ್ಬೇಕು ಮೇಡಂ. ಶಿಕ್ಷೆ ಆಗತ್ತೋ ಬಿಡತ್ತೋ, ಅದು ಆಮೇಲಿನ ಮಾತು. ಒಂದೇ ಒಂದ್ಸಲ ಆ ಮುಖ ನೋಡಿದ್ರೆ ಸಾಕು," ಎಂದಳು.

ಬಾಗಿಲ ಬಳಿ ನಿಂತಿದ್ದ ಅಮೀನರು ಬಂದು ಕುರ್ಚಿಯನ್ನು ಅವಳ ಹತ್ತಿರಕ್ಕೆ ಸರಿಸಿದರು. ಮೂವತ್ತು ವರ್ಷ ಕೋರ್ಟಿನ ಸಮನ್ಸು ಹಂಚಿದ ಮನುಷ್ಯ ಅವರು. ಕದದ ಹಿಂದೆ ನಿಂತು "ನಾನು ಮನೇಲಿಲ್ಲ" ಎಂದು ತಾವೇ ಕೂಗಿದ ಭೂಪರನ್ನೂ ಕಂಡವರು. ಆದರೆ ಒಂದು ಮುಖವನ್ನು ಹುಡುಕಿಕೊಡಿ ಎಂದು ಯಾರೂ ಅವರೆದುರು ಹೀಗೆ ಅಂಗಲಾಚಿರಲಿಲ್ಲ. ನಿವೃತ್ತಿಯಾದ ಮೇಲೆ ಅವರ ಉದ್ಯೋಗವೆಂದರೆ ಸ್ಟೆನೊ ಮೇಡಂ ಹೇಳಿದಲ್ಲಿಗೆ ಹೋಗಿಬರುವುದು. ಮೇಡಂ ಅದೇ ಕೋರ್ಟಿನಲ್ಲಿ ಶೀಘ್ರಲಿಪಿ ಬರೆದೂ ಬರೆದೂ, ಸಾಕ್ಷಿಯ ಬಾಯಿಂದ ಬಿದ್ದ ಮಾತಿನಲ್ಲೇ ಕಳ್ಳನನ್ನು ಹಿಡಿಯುವುದನ್ನು ಕಲಿತವರು. ಅವರ ತಲೆ, ಇವರ ಕಾಲು. ಈ ಏರ್ಪಾಡಿನಲ್ಲಿ ಏಳು ಕೇಸು ಬಗೆಹರಿದಿದ್ದವು.

ನಡೆದ ಸಂಗತಿ ಊರಿಗೆಲ್ಲ ಗೊತ್ತಿತ್ತು. ಕರ್ತವ್ಯದಲ್ಲಿರುವ ಪೊಲೀಸರು ಮುಖ ಮುಚ್ಚಿಕೊಳ್ಳಬಾರದೆಂದು ತಿಂಗಳ ಹಿಂದೆ ಆದೇಶವಾಗಿತ್ತು. ವೈದ್ಯರ ಚೀಟಿ ಇದ್ದವರಿಗೆ ಮಾತ್ರ ವಿನಾಯಿತಿ. ಆದೇಶ ಬಂದ ವಾರದೊಳಗೆ ಠಾಣೆಯ ಅರ್ಧ ಜನಕ್ಕೆ ಧೂಳಿನ ಅಲರ್ಜಿ ಶುರುವಾಯಿತು. ಕಳೆದ ಸೋಮವಾರ ಬೆಳಿಗ್ಗೆ ಊರಿನ ಮೂವತ್ತು ಮಂದಿ ಪೊಲೀಸ್ ಕಚೇರಿಯ ಮುಂದೆ ಸೇರಿ, ಆದೇಶ ಪಾಲಿಸಿ, ಮುಖ ತೋರಿಸಿ ಎಂದು ಕೇಳಿದರು. ಅವರಲ್ಲಿ ಈಕೆಯ ತಮ್ಮನೂ ಇದ್ದ. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಅವನದು. ಆದೇಶದ ಪ್ರತಿ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಮೇಲೆ ಆರು ಮಂದಿ ಮಾಸ್ಕಿನವರು ನಿಂತಿದ್ದರು, ಎದೆಯ ಹೆಸರುಪಟ್ಟಿಯ ಮೇಲೂ ಟೇಪು ಅಂಟಿಸಿಕೊಂಡು. ಒಬ್ಬ ಲಾಠಿಯಿಂದ ಎದೆಗೆ ತಳ್ಳಿದ. ಹುಡುಗ ಹಿಮ್ಮುಖವಾಗಿ ಬಿದ್ದ, ತಲೆ ಕಲ್ಲಿನ ಅಂಚಿಗೆ ಬಡಿಯಿತು, ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಯಿತು.

ಮೃತನು "ಬಾ ಬಾ" ಎಂದು ಸಿಬ್ಬಂದಿಯನ್ನು ಜಗಳಕ್ಕೆ ಕರೆದು ಮುಖಕ್ಕೆ ಕೈ ಹಾಕಿದ್ದಾಗಿ ಪೊಲೀಸ್ ವರದಿ ಹೇಳಿತ್ತು. ಆರು ಜನರ ಹೆಸರು ಗುಟ್ಟು. ತಳ್ಳಿದವನು ಯಾರೆಂದು ಗೊತ್ತಾಗುವಂತಿಲ್ಲ ಎಂದು ಕೈತೊಳೆದುಕೊಂಡಿದ್ದರು.

"ನಿಮ್ಮ ತಮ್ಮ ಮುಂಗೋಪಿನಾ?" ಮೇಡಂ ಕೇಳಿದರು.

"ಅವನಾ! ದಾರೀಲಿ ಮಲಗಿದ ನಾಯಿಗೂ 'ಸ್ವಲ್ಪ ಸರೀರಿ' ಅನ್ನೋನು. ಪ್ರೆಸ್ಸಿನಲ್ಲಿ ಕಸ ಗುಡಿಸೋ ಹುಡುಗಿಗೂ ಬನ್ನಿ, ಹೋಗಿ ಅಂತಲೇ ಮಾತು. ಮನೇಲಿ ನಾವೆಲ್ಲ ಆಡಿಕೊಂಡು ನಗ್ತಿದ್ವಿ."

"ಒಡಹುಟ್ಟಿದವರು?"

"ನಾನೊಬ್ಬಳೇ. ಅಪ್ಪ ಅಮ್ಮ ಇಲ್ಲ. ಹೇಳಿಕೊಳ್ಳೋಕೆ ಬೇರೆ ನೆಂಟರೂ ಇಲ್ಲ. ನಮ್ಮ ಮನೇಲೇ ಇದ್ದ."

"ನಿಮ್ಮ ಯಜಮಾನರು?"

"ಅವರೂ ಪೊಲೀಸೇ. ಹೊರಗೆ ಸ್ಕೂಟರ್ ಹತ್ರ ನಿಂತಿದಾರೆ. ಅವತ್ತು ಅವರಿಗೆ ಹಿಂದಿನ ಗೇಟಿನ ಡ್ಯೂಟಿ, ಒಬ್ಬರೇ ಇದ್ರಂತೆ. ಗದ್ದಲಾನೂ ಕೇಳಿಸಲಿಲ್ಲವಂತೆ. ಪಾಪ, ಎಷ್ಟು ಇಳಿದುಹೋಗಿದಾರೆ ಅಂತೀರಿ. ಯಾವತ್ತೂ ತಾವು ಕುಡಿದ ಲೋಟ ಎತ್ತದೋರು, ಅವತ್ತು ಬಂದು ತಮ್ಮ ಮಾಸ್ಕ್ ತಾವೇ ಒಗೆದುಕೊಂಡ್ರು. ಕಿವಿಯ ದಾರ ಕಿತ್ತಿತ್ತು, ನಾನೇ ಹೊಲಿದುಕೊಟ್ಟೆ."

ಮೇಡಮ್ಮನ ಪೆನ್ಸಿಲು ನಿಂತಿತು. ಕೈ ಸೋತಿರಬೇಕು ಎಂದುಕೊಂಡರು ಅಮೀನರು. ಆಮೇಲೆ ಎಷ್ಟೋ ದಿನ ತಮ್ಮ ಬುದ್ಧಿಗೆ ತಾವೇ ಛೀಮಾರಿ ಹಾಕಿಕೊಂಡರು.

ಗುಂಪಿನವರು ತಾವೇ ಘೋಷಣೆ ಕೂಗುತ್ತಿದ್ದರಿಂದ ಅವರಿಗೆ ಹುಡುಗನ ಮಾತು ಕೇಳಿಸಿರಲಿಲ್ಲ. ಮೆಟ್ಟಿಲಿಗೆ ಹತ್ತಿರವಿದ್ದ ಅಂಗಡಿ ಎರಡೇ, ಎಡಕ್ಕೊಂದು, ಬಲಕ್ಕೊಂದು. ಅಮೀನರು ಎರಡಕ್ಕೂ ಹೋದರು. ಸೈಕಲ್ ರಿಪೇರಿಯವನು ಟ್ಯೂಬಿಗೆ ತೇಪೆ ಹಚ್ಚುತ್ತಲೇ, "ಒಂದೇ ಸಲ ಕೂಗಿದ ಸ್ವಾಮಿ, 'ಬಾ ಬಾ' ಅಂತ. ಕೂಗಿದ್ದೇ ಮಾಸ್ಕಿಗೆ ಕೈ ಹಾಕಿದ, ದಾರ ಕಿತ್ತಿದ್ದು ಕಂಡೆ, ಪೊಲೀಸಿನವನ ಮುಖ ಮಾತ್ರ ಕಾಣಲಿಲ್ಲ," ಎಂದ. ಕನ್ನಡಕದ ಅಂಗಡಿಯಾಕೆ, "ಬಾ ಬಾ ಅಲ್ಲ, 'ವಾ ವಾ' ಅಂದಿದ್ದು. ಲೇವಡಿ ಮಾಡಿದ ಅಂತ ಕಾಣತ್ತೆ, ಮುಖದಲ್ಲಿ ನಗು ಇತ್ತು," ಎಂದಳು.

"ಇಬ್ಬರಲ್ಲಿ ಒಬ್ಬರ ಕಿವಿ ಡಮಾರ್ ಮೇಡಂ," ಎಂದು ಅಮೀನರು ವರದಿ ಒಪ್ಪಿಸಿದರು.

ಮೇಡಂ ಎರಡೂ ಕೂಗನ್ನು ಶೀಘ್ರಲಿಪಿಯಲ್ಲಿ ಒಂದರ ಕೆಳಗೊಂದು ಬರೆದು ಬಹಳ ಹೊತ್ತು ನೋಡಿದರು. "ಇಬ್ಬರ ಕಿವಿಯೂ ಅರ್ಧರ್ಧ ಸರಿಯಾಗಿದೆ. ನಾಳೆ ಮಧ್ಯಾಹ್ನ ಎಲ್ಲರನ್ನೂ ಕರೀರಿ. ಇನ್ಸ್‌ಪೆಕ್ಟರನ್ನೂ."

ಕೇಸು ಬಗೆಹರಿದ ದಿನ ಮೇಡಂ ಎರಡನೇ ಲೋಟ ಕಾಫಿ ಕೇಳುವುದು ರೂಢಿ. ಅಂದು ಊಟದ ತಟ್ಟೆಯನ್ನೂ ಹಾಗೇ ಬಿಟ್ಟು ಎದ್ದರು. ಅಮೀನರಿಗೆ ಇದು ಸರಿ ಕಾಣಲಿಲ್ಲ.

ಮರುದಿನ ಮುಂದಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ಅಕ್ಕ, ಅವಳ ಪಕ್ಕ ಸಮವಸ್ತ್ರದಲ್ಲಿ ಗಂಡ, ಇಬ್ಬರು ಅಂಗಡಿಯವರು, ಕೋರ್ಟಿನ ದಿನಗಳಿಂದ ಮೇಡಮ್ಮನ ಪರಿಚಯವಿದ್ದ ಇನ್ಸ್‌ಪೆಕ್ಟರ್. ಅಮೀನರು ಬಾಗಿಲಿಗೆ ಒರಗಿ ನಿಂತರು.

"ವರದಿ ಪ್ರಕಾರ ಹುಡುಗ 'ಬಾ ಬಾ' ಅಂದ," ಮೇಡಂ ಶುರುಮಾಡಿದರು. "ನಾಯಿಗೂ ಬಹುವಚನ ಹಚ್ಚೋ ಮನುಷ್ಯ ಪೊಲೀಸಿನವರಿಗೆ 'ಬಾ' ಅಂತಾನಾ? ಜಗಳಕ್ಕೇ ಕರೆದಿದ್ರೂ 'ಬನ್ನಿ' ಅಂತಿದ್ದ. ಅಂದ್ರೆ ಅದು ಕರೆದದ್ದಲ್ಲ. ಲೇವಡೀನೂ ಅವನ ಸ್ವಭಾವ ಅಲ್ಲ. ಹಾಗಾದ್ರೆ ಇವರಿಬ್ಬರು ಕೇಳಿದ್ದೇನು? ಗದ್ದಲದಲ್ಲಿ ಒಂದು ಅಕ್ಷರ ಕೇಳಿಸತ್ತೆ, ಇನ್ನೊಂದನ್ನ ನಾವೇ ಹೊಂದಿಸಿಕೊಳ್ತೀವಿ. ಕೋರ್ಟಿನಲ್ಲಿ ದಿನಾ ನೋಡ್ತಿದ್ದೆ. ಸೈಕಲ್ಲಿನವರಿಗೆ ಮೊದಲ ಅಕ್ಷರ ಕೇಳಿಸಿತು, 'ಬಾ'. ಕನ್ನಡಕದವರಿಗೆ ಎರಡನೇದು ಕೇಳಿಸಿತು, 'ವಾ'. ಎರಡನ್ನೂ ಸೇರಿಸಿ ಓದಿ."

ಅಮೀನರ ತುಟಿ ತಾನಾಗಿ ಅಲ್ಲಾಡಿತು. "ಬಾವಾ."

"ಹೌದು. ಬರೆಯೋವಾಗ ಭಾವ, ಕೂಗೋವಾಗ ಬಾವಾ. ಅವನಿಗೆ ಇದ್ದಿದ್ದು ಒಬ್ಬಳೇ ಅಕ್ಕ." ಮೇಡಂ ಆ ಗಂಡನ ಕಡೆ ತಿರುಗಿದರು. "ಹಿಂದಿನ ಗೇಟಿನಲ್ಲಿ ಒಬ್ಬರೇ ಇದ್ರಿ ಅಂತ ಇವರಿಗೆ ಹೇಳಿದ್ರಿ. ನಿಮ್ಮ ಮಾಸ್ಕಿನ ದಾರ ಯಾರು ಕಿತ್ತಿದ್ದು?"

ಅವನ ಕೈ ತಾನಾಗಿ ಕಿವಿಯ ಹಿಂದಕ್ಕೆ ಹೋಯಿತು. ಹೆಂಡತಿ ಅವನತ್ತ ಪೂರ್ತಿ ತಿರುಗಿ ಕೂತಳು.

"ಗುರುತು ಹಿಡಿದುಬಿಟ್ಟ," ಎಂದ ಕೊನೆಗೆ. "ಕಣ್ಣು ನೋಡೇ ಗುರುತು ಹಿಡಿದು ನಕ್ಕ. ಆ ಗುಂಪಿನಲ್ಲಿ ಯಾರ ನೆಂಟರಿದ್ರೂ ನೌಕರಿ ಉಳಿಯಲ್ಲ ಅಂತ ಬೆಳಿಗ್ಗೇನೇ ಮೇಲಿನವರು ಹೇಳಿದ್ರು. ಇವನು ಎಲ್ಲರೆದುರು ಬಾವಾ ಅಂದ, ಮಾಸ್ಕ್ ಎಳೆದ. ಬಾಯಿ ಮುಚ್ಚಿದ್ರೆ ಸಾಕು ಅಂತ ತಳ್ಳಿದೆ ಕಣೇ. ಬೀಳ್ತಾನೆ ಅಂದುಕೊಂಡಿರಲಿಲ್ಲ."

ಅಮೀನರು ಇನ್ಸ್‌ಪೆಕ್ಟರನ್ನು ನೋಡಿದರು. ಈಗ ಏಳುತ್ತಾರೆ, ಈಗ ಕೈ ಹಿಡಿದು ಕರೆದೊಯ್ಯುತ್ತಾರೆ ಎಂದು ಕಾದರು. ಇನ್ಸ್‌ಪೆಕ್ಟರ್ ಎದ್ದರು ನಿಜ, ಟೋಪಿ ಹಾಕಿಕೊಂಡರು ಅಷ್ಟೆ.

"ಚೆನ್ನಾಗಿ ಬಿಡಿಸಿದ್ರಿ ಮೇಡಂ. ಆದ್ರೆ ಇವರಿಬ್ಬರ ಹೇಳಿಕೇಲೂ 'ಬಾ ಬಾ' ಅಂತಿದೆ, ಕೆಳಗೆ ಸಹಿ ಇದೆ."

"ಪೊಲೀಸಿನವರೇ ಬರೆದುಕೊಂಡು ಬಂದಿದ್ರು," ಕನ್ನಡಕದ ಅಂಗಡಿಯಾಕೆ ಗೊಣಗಿದಳು. "ಮತ್ತೆ ಬದಲಾಯಿಸಿ ಅಂದ್ರೆ ನಾನು ಅಂಗಡಿ ಮುಚ್ಚಬೇಕಾಗತ್ತೆ." ಸೈಕಲ್ಲಿನವನು ಕೈಗಂಟಿದ ಗ್ರೀಸು ಉಜ್ಜುತ್ತಾ ಕೂತಿದ್ದ.

"ಮಾಸ್ಕ್ ಒಗೆದೂ ಆಗಿದೆ, ಹೊಲಿದೂ ಆಗಿದೆ," ಇನ್ಸ್‌ಪೆಕ್ಟರ್ ಮುಂದುವರಿಸಿದರು. "ಆರು ಜನರ ಪಟ್ಟಿ ನನ್ನ ಕೈಗೂ ಸಿಗಲ್ಲ. ಪೊಲೀಸಿನೆದುರು ಒಪ್ಪಿಕೊಂಡ ಮಾತು ಕೋರ್ಟಿನಲ್ಲಿ ನಿಲ್ಲಲ್ಲ, ಅದು ನಿಮಗೇ ಗೊತ್ತು. ಇನ್ನೊಂದು ವಿಷಯ. ಮುಖ ಮುಚ್ಚಬಾರದು ಅನ್ನೋ ಆ ಆದೇಶಾನ ಇವತ್ತು ಹಿಂದಕ್ಕೆ ತಗೊಂಡ್ರು. ಸಿಬ್ಬಂದಿ ಮುಖಕ್ಕೆ ಕೈ ಹಾಕಿದ ಘಟನೆ ನಡೆದಿದೆಯಲ್ಲ, ಅದಕ್ಕೇ ಇನ್ಮೇಲೆ ಎಲ್ಲರಿಗೂ ಮಾಸ್ಕು."

"ಸತ್ತವನ ಹೆಸರಲ್ಲೇ?" ಅಮೀನರು ಕಿರುಚಿದರು. ಆಯುಷ್ಯದಲ್ಲಿ ಒಬ್ಬ ಅಧಿಕಾರಿಯ ಎದುರು ಅವರು ದನಿ ಏರಿಸಿದ್ದು ಅದೇ ಮೊದಲು. ಇನ್ಸ್‌ಪೆಕ್ಟರ್ ಬಾಗಿಲು ದಾಟಿ ಹೊರಟರು. ಅಂಗಡಿಯವರು ಅವರ ಹಿಂದೆಯೇ ಜಾಗ ಖಾಲಿ ಮಾಡಿದರು.

"ಅವರು ಹೇಳಿದ್ದು ನಿಜ ಅಮೀನ್ರೇ. ನಿನ್ನೇನೇ ನನಗೆ ಗೊತ್ತಿತ್ತು," ಎಂದರು ಮೇಡಂ. ಆ ದನಿ ಕೇಳಿ ಅಮೀನರಿಗೆ ಅಳು ಬಂತು.

ಗಂಡ ಹೊರಗೆ ಹೋಗಿ ಸ್ಕೂಟರ್ ತಿರುಗಿಸಿ ನಿಲ್ಲಿಸಿದ. ಅಕ್ಕ ಇನ್ನೂ ಕೂತಲ್ಲೇ ಇದ್ದಳು.

"ಅಮ್ಮಾ, ಹೋಗ್ಬೇಡಿ," ಅಮೀನರು ಅವಳ ಮುಂದೆ ಬಗ್ಗಿ ಹೇಳಿದರು. "ನಮ್ಮ ಮನೇಲಿ ಜಾಗ ಇದೆ. ನನ್ನ ಹೆಂಡತಿ ಇದಾಳೆ."

"ನಾಲ್ಕು ಗಂಟೆಗೆ ಮಕ್ಕಳು ಸ್ಕೂಲಿಂದ ಬರ್ತಾವೆ. ಬೀಗದ ಕೈ ನನ್ನ ಹತ್ರಾನೇ ಇದೆ." ಅವಳು ಎದ್ದು ಸೆರಗು ಸರಿಮಾಡಿಕೊಂಡಳು. "ಒಂದ್ಸಲ ನೋಡಿದ್ರೆ ಸಾಕು ಅಂದಿದ್ದೆ ಮೇಡಂ. ಇನ್ನು ದಿನಾ ನೋಡ್ಬೇಕು."

ಅವಳು ಹೊರಗೆ ಹೋಗಿ ಸ್ಕೂಟರಿನ ಹಿಂದೆ ಕೂತಳು. ಗಂಡನ ಹೆಗಲು ಹಿಡಿಯಲಿಲ್ಲ. ಸೀಟಿನ ಹಿಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಅವನು "ಕೂತ್ಯಾ?" ಎಂದು ಕೇಳಿದ. ಅವಳು "ಹೂಂ" ಎಂದಳು.