ಕ್ಯಾಂಡ್ಲರ್ ಲೇನಿನ ಹೊಸ ಹುಲ್ಲು

ಮೂವತ್ತೊಂದು ವರ್ಷ ಕ್ಯಾಂಡ್ಲರ್ ಲೇನ್ ಫುಟ್‌ಬಾಲ್ ಮೈದಾನದ ಹುಲ್ಲು ಬೆಳೆಸಿದ ವಿಲ್ಫ್ ಹ್ಯಾಸ್ಲಮ್‌ನ ಕೈಗೆ ಈಗ ಪೊರಕೆ ಕೊಟ್ಟಿದ್ದರು. ಹೊಸ ಗ್ಯಾಲರಿಯ ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಕಸ ಗುಡಿಸುವುದು, ಶುಕ್ರವಾರ ಗೆರೆಗಳಿಗೆ ಬಿಳಿ ಬಣ್ಣ ಎಳೆಯುವುದು, ಅಷ್ಟೇ ಅವನ ಕೆಲಸ. ಹುಲ್ಲು ಈಗ ಕೀರನ್ ಡಕ್‌ವರ್ತ್‌ನದು. ವಯಸ್ಸು ಮೂವತ್ತು, ಕಾಲೇಜಿನಲ್ಲಿ ಹುಲ್ಲು ಓದಿಕೊಂಡು ಬಂದವನು.

ಮರದ ಗ್ಯಾಲರಿ ಹೋದಾಗ ವಿಲ್ಫ್ ಸಹಿಸಿದ. ತಗಡಿನ ಸೂರು ಹೋದಾಗಲೂ ಸಹಿಸಿದ. ಆದರೆ ಇಳಿಜಾರು? ಉತ್ತರದ ಗೋಲಿನಿಂದ ದಕ್ಷಿಣಕ್ಕೆ ನಾಲ್ಕು ಅಡಿ ಇಳಿಯುತ್ತಿದ್ದ ನೆಲ ಅದು. ಅದರ ಮೇಲೆ ಎಷ್ಟು ದೊಡ್ಡ ತಂಡಗಳು ಮುಗ್ಗರಿಸಿ ಮನೆಗೆ ಹೋಗಿದ್ದವು! ಕೀರನ್ ಆರೇ ವಾರದಲ್ಲಿ ಅದನ್ನು ಮಟ್ಟ ಮಾಡಿ ಹೊಸ ಹುಲ್ಲು ಹಾಸಿದ. ಊರು ಅಳುತ್ತದೆ ಎಂದುಕೊಂಡಿದ್ದ ವಿಲ್ಫ್. ಊರು ಚಪ್ಪಾಳೆ ತಟ್ಟಿತು.

“ಬಿಲಿಯರ್ಡ್ಸ್ ಮೇಜು ಇದ್ದ ಹಾಗಿದೆ ಕಣೋ ವಿಲ್ಫ್,” ಎಂದ ಮಾಂಸದಂಗಡಿಯ ಆಲ್ಬರ್ಟ್, ಪಬ್ಬಿನಲ್ಲಿ ಎಲ್ಲರೆದುರೇ. “ನಿನ್ ಕಾಲದಲ್ಲಿ ಚೆಂಡು ಕೆಳಗಿಟ್ರೆ ಅದೇ ಎದ್ದು ಬಸ್‌ಸ್ಟಾಪಿಗೆ ಹೋಗ್ತಿತ್ತು.”

ಎಲ್ಲರೊಡನೆ ವಿಲ್ಫ್ ಕೂಡ ನಕ್ಕ. ಒಳಗೆ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಇನ್ನೊಂದು ಉರಿ ಇತ್ತು, ಅದು ಯಾರಿಗೂ ಹೇಳುವಂಥದ್ದಲ್ಲ. ಹೆಂಡತಿ ಡೋರೀನ್ ತೀರಿಕೊಂಡು ಒಂಬತ್ತು ವರ್ಷ. ಅವಳ ಆಸೆಯಂತೆ ಕ್ಲಬ್ಬಿನವರೆದುರೇ ಬೂದಿಯನ್ನು ಉತ್ತರದ ಮೂಲೆಯ ಬಾವುಟದ ಬಳಿ ಹರಡಿದ್ದ. ಆ ಜಾಗಕ್ಕೆ ಅವನು ಎಂದೂ ಯಂತ್ರ ಮುಟ್ಟಿಸಿದವನಲ್ಲ, ಮಂಡಿಯೂರಿ ಕತ್ತರಿಯಿಂದಲೇ ಕತ್ತರಿಸುತ್ತಿದ್ದ. ನೆಲ ಅಗೆಯುವ ಮೊದಲು ಕೀರನ್ ಅಷ್ಟು ಹುಲ್ಲನ್ನು, ಕಾಲೊರೆಸಿನಷ್ಟಗಲ, ಮಣ್ಣುಸಹಿತ ಕೈಯಾರೆ ಎತ್ತಿಟ್ಟು ಮತ್ತೆ ಅದೇ ಜಾಗದಲ್ಲಿ ಕೂರಿಸಿದ.

“ಡೋರೀನ್‌ಗೇ ಮೊದಲ ಪಾಲು,” ಎಂದಿದ್ದ ಕೀರನ್. “ಪ್ರತೀ ಸಲ ಗೊಬ್ಬರ ಹೊಡೆಯೋದು ಅವರ ಮೂಲೆಯಿಂದಲೇ ಶುರು. ಹಳೇ ಹುಲ್ಲಲ್ವಾ, ಸ್ವಲ್ಪ ಜಾಸ್ತೀನೇ ಕೊಡ್ತೀನಿ.”

ಹುಲ್ಲಾಯಿತು, ಊರಾಯಿತು, ಈಗ ಹೆಂಡತಿಯನ್ನೂ ಇವನೇ ನೋಡಿಕೊಳ್ಳುತ್ತಾನಂತೆ. ವಿಲ್ಫ್ ಪೊರಕೆ ಎತ್ತಿಕೊಂಡು ಗ್ಯಾಲರಿಯ ಕಡೆ ನಡೆದ.

ಉಪಾಯ ಸರಳವಾಗಿತ್ತು. ಶೆಡ್ಡಿನಲ್ಲಿ ದ್ರವಗೊಬ್ಬರದ ಡಬ್ಬಿಗಳಿದ್ದವು. ಕಾಲುದಾರಿಯ ಕಳೆ ಸಾಯಿಸುವ ಔಷಧಿಯ ಡಬ್ಬಿಗಳೂ ಇದ್ದವು. ಎರಡೂ ಬಿಳಿ, ಎರಡೂ ಒಂದೇ ಗಾತ್ರ. ಕೀರನ್ ಗೊಬ್ಬರ ಹೊಡೆಯುವುದು ಶನಿವಾರ. ಮರುದಿನವೇ ಯಾರಾದರೂ ಮೈದಾನಕ್ಕೆಲ್ಲ ಕಳೆಯೌಷಧಿ ಹೊಡೆದು, ಖಾಲಿ ಡಬ್ಬಿಗಳನ್ನು ಗೊಬ್ಬರದ ಸಾಲಿನಲ್ಲಿಟ್ಟರೆ? ಹುಲ್ಲು ಹಳದಿಯಾಗಲು ಹತ್ತು ದಿನ ಬೇಕು. ಅಷ್ಟರಲ್ಲಿ ಆ ಭಾನುವಾರ ಯಾರ ನೆನಪಿನಲ್ಲೂ ಇರುವುದಿಲ್ಲ. ಓದಿದ ಹುಡುಗ ತಪ್ಪು ಡಬ್ಬಿ ಎತ್ತಿಕೊಂಡ ಎಂದು ಊರೇ ತೀರ್ಮಾನಿಸುತ್ತದೆ. ಹೊಸ ಮೈದಾನದ ಉದ್ಘಾಟನೆಯ ಪಂದ್ಯಕ್ಕೆ ಸರಿಯಾಗಿ ಎರಡು ವಾರವಿತ್ತು.

ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಊರಿಗೆ ಊರೇ ಹುರಿದ ಮಾಂಸ, ಆಲೂಗಡ್ಡೆಯ ತಟ್ಟೆಯ ಮುಂದೆ ಕೂತಿರುತ್ತದೆ. ಆ ಹೊತ್ತಿನಲ್ಲಿ ಬೀದಿ ನಾಯಿಯೂ ಹೊರಗಿರುವುದಿಲ್ಲ. ಗಾಳಿಯಿರಲಿಲ್ಲ, ಮಳೆಯ ಸುಳಿವಿರಲಿಲ್ಲ. ವಿಲ್ಫ್ ಕೈಗವಸು ಹಾಕಿ, ಸಿಂಪಡಿಸುವ ತಳ್ಳುಗಾಡಿಗೆ ಔಷಧಿ ಬೆರೆಸಿ, ಗೆರೆ ಹಿಡಿದಂತೆ ಹೋದ, ಬಂದ. ಕಾಲುಗಳಿಗೆ ದಾರಿ ಗೊತ್ತಿತ್ತು, ಕೈಗಳಿಗೆ ಕೆಲಸ ಗೊತ್ತಿತ್ತು. ತಲೆಗೆ ಏನೂ ಕೆಲಸವಿರಲಿಲ್ಲ. ಇದು ಎಷ್ಟೆಂದರೂ ನನ್ನ ಮೈದಾನ ಎನ್ನಿಸಿ, ಎಷ್ಟೋ ತಿಂಗಳ ಮೇಲೆ ಅವನಿಗೆ ಸುಖವಾಯಿತು. ಗಾಡಿ ಮೂರು ಸಲ ತೊಳೆದು, ಡಬ್ಬಿಗಳನ್ನು ಸಾಲಿಗೆ ಸೇರಿಸಿ, ಎರಡೂವರೆಗೆ ಮನೆಯಲ್ಲಿದ್ದ.

ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಪಂದ್ಯದ ಹಿಂದಿನ ದಿನ ಮೈದಾನ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಕ್ಲಬ್ಬಿನ ಅಧ್ಯಕ್ಷ ಖಾಲಿ ಡಬ್ಬಿಯನ್ನು ಕೀರನ್‌ನ ಮೂಗಿನ ಮುಂದೆ ಹಿಡಿದು, ಇವತ್ತೇ ಗಂಟುಮೂಟೆ ಕಟ್ಟು ಎಂದ. ಕೀರನ್ ಎದುರಾಡಲಿಲ್ಲ. ನಾನೇ ತಪ್ಪು ಡಬ್ಬಿ ಎತ್ತಿಕೊಂಡಿರಬಹುದು ಎಂದು ಮೆಲ್ಲಗೆ ಒಪ್ಪಿಕೊಂಡ. ಪೊರಕೆ ಹಿಡಿದು ನಿಂತಿದ್ದ ವಿಲ್ಫ್‌ಗೆ ಕುಣಿಯುವಷ್ಟು ಖುಷಿಯಾಯಿತು. ಹೊರಡುವ ಮೊದಲು ಡೋರೀನ್ ಅವರಿಗೊಂದು ಮಾತು ಹೇಳಿ ಬರುತ್ತೇನೆ ಎಂದು ಕೀರನ್ ಉತ್ತರದ ಮೂಲೆಗೆ ನಡೆದ. ಅಲ್ಲಿ ಮಂಡಿಯೂರಿ ಹುಲ್ಲಿನ ಮೇಲೆ ಕೈಯಾಡಿಸಿದ. ಆಮೇಲೆ ಅಧ್ಯಕ್ಷನನ್ನೂ ವಿಲ್ಫ್‌ನನ್ನೂ ಕೈಬೀಸಿ ಕರೆದ.

ಸತ್ತ ಹುಲ್ಲಿನ ನಡುವೆ, ಬಾವುಟದ ಬಳಿ, ಕಾಲೊರೆಸಿನಷ್ಟಗಲದ ಹಸಿರು ನಳನಳಿಸುತ್ತಿತ್ತು. “ತಪ್ಪು ಡಬ್ಬಿ ಎತ್ಕೊಂಡಿದ್ದು ನಾನಾಗಿದ್ರೆ,” ಎಂದ ಕೀರನ್, ಧ್ವನಿಯಲ್ಲಿ ಕೋಪವೇ ಇರಲಿಲ್ಲ, “ಎಲ್ಲಕ್ಕಿಂತ ಮೊದ್ಲು ಸಾಯಬೇಕಾಗಿದ್ದಿದ್ದು ಇದು, ವಿಲ್ಫ್.” ಅಧ್ಯಕ್ಷ ತಿರುಗಿ ವಿಲ್ಫ್‌ನ ಮುಖ ನೋಡಿದ. ಆ ಮೂಲೆಗೆ ಬಂದಾಗ ತನ್ನ ಕೈ ತಾನಾಗಿಯೇ ಗಾಡಿಯ ನಲ್ಲಿ ತಿರುಗಿಸಿ ಮುಚ್ಚಿದ್ದು ವಿಲ್ಫ್‌ಗೆ ಆಗ ನೆನಪಾಯಿತು.