ಖಾಲಿ ಸ್ಲೈಡಿನಲ್ಲಿ ಕಂಡದ್ದು

ನಿಶ್ಚಿತಾರ್ಥಕ್ಕೆ ಇನ್ನೊಂದು ವಾರವಿರುವಾಗ ಗೌತಮಿ ವಡೋದರಾದಿಂದ ಸೂರತ್‌ಗೆ ಬಂದಳು, ತಾನು ಮದುವೆಯಾಗಲಿರುವ ಯಶವಂತನ ಲ್ಯಾಬ್ ನೋಡಲು. ಇಬ್ಬರೂ ಕಾಲೇಜಿನಲ್ಲಿ ಬಯಾಲಜಿ ಕಲಿಸುವವರು. ಇಬ್ಬರ ಅಪ್ಪಂದಿರೂ ಕರ್ನಾಟಕದಿಂದ ಟ್ರಾನ್ಸ್‌ಫರ್ ಆಗಿ ಬಂದು ಗುಜರಾತಿನಲ್ಲೇ ನೆಲೆ ನಿಂತವರು.

"ನಿನ್ನ ಲ್ಯಾಬ್ ಥರ ಸಂತೆ ಅಲ್ಲ ಇದು," ಯಶವಂತ ಅವಳ ಕಿವಿಯ ಹತ್ತಿರ ಬಗ್ಗಿ ನಕ್ಕ. "ನನ್ನ ಸ್ಟೂಡೆಂಟ್ಸ್ ತಪ್ಪು ಮಾಡೋದೇ ಇಲ್ಲ."

ಅವಳ ಕೆನ್ನೆ ಬಿಸಿಯಾಯಿತು. ಆ ನಗುವಿಗೇ ತಾನೇ ಅವಳು ಮನಸೋತದ್ದು.

ಲ್ಯಾಬ್ ಮಾತ್ರ ವಿಪರೀತ ಮೌನವಾಗಿತ್ತು. ಅವಳ ಲ್ಯಾಬಿನಲ್ಲಿ ಮಕ್ಕಳು ಜಗಳವಾಡುತ್ತ, ಸ್ಲೈಡ್ ಒಡೆಯುತ್ತ, ತಾವೇ ಹುಡುಕಿ ಕಲಿಯುತ್ತಿದ್ದರು. ಇಲ್ಲಿ ಈರುಳ್ಳಿ ಬೇರಿನ ಜೀವಕೋಶ ಎರಡಾಗುವ ಚಿತ್ರವನ್ನು ಯಶವಂತ ಬೋರ್ಡಿನ ಮೇಲೆ ಬರೆದಿದ್ದ. ಎಲ್ಲರೂ ಮೈಕ್ರೋಸ್ಕೋಪಿನಲ್ಲಿ ಒಮ್ಮೆ ಇಣುಕಿ ಅದನ್ನೇ ಬರೆಯುತ್ತಿದ್ದರು.

ಗೌತಮಿ ಪೂರ್ವಿ ಎಂಬ ಹುಡುಗಿಯ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಸ್ಲೈಡ್ ಖಾಲಿ. ಬೇರಿನ ಚೂರು ತೊಳೆಯುವಾಗಲೇ ಹೋಗಿತ್ತು. ಪಕ್ಕದ ಹುಡುಗನ ಸ್ಲೈಡಿನಲ್ಲಿ ಬರೀ ಗಾಳಿಗುಳ್ಳೆ. ಇಬ್ಬರ ಚಿತ್ರವೂ ಅಚ್ಚುಕಟ್ಟಾಗಿತ್ತು.

"ಇದರಲ್ಲಿ ಏನಾದ್ರೂ ಕಾಣ್ತಿದೆಯಾ?" ಹಿಂದಿಯಲ್ಲಿ ಕೇಳಿದಳು.

ಪೂರ್ವಿ ಮೊದಲು ನೋಡಿದ್ದು ಯಶವಂತನ ಕಡೆ. "ಕಾಣ್ತಿದೆ ಮ್ಯಾಮ್. ಸರ್ ಹೇಳಿದ್ಮೇಲೆ ಕಾಣಲೇಬೇಕು."

ಅವಳು ಬೋರ್ಡ್ ನೋಡಿ ಚಿತ್ರಕ್ಕೆ ಇನ್ನೊಂದು ಗೆರೆ ಸೇರಿಸಿದಳು. ಯಶವಂತ ಯಾರನ್ನೂ ಗದರಿರಲಿಲ್ಲ. ಗದರುವ ಅಗತ್ಯವೇ ಅವನಿಗಿರಲಿಲ್ಲ.

ಸಂಜೆ ಸೂರತ್ತಿನ ಉಧ್ನಾ ಸ್ಟೇಷನ್ನಿನಲ್ಲಿ ಅವನು ಚಹಾ ತಂದುಕೊಟ್ಟ. "ಮದುವೆ ಆದ್ಮೇಲೆ ಕೆಲಸ ಬಿಟ್ಟು ಇಲ್ಲೇ ಇರ್ತೀಯ ಅಂತ ಅಮ್ಮನಿಗೆ ಹೇಳಿಬಿಟ್ಟೆ. ನಿನಗೂ ಅದೇ ಇಷ್ಟ, ಅಲ್ವಾ?"

ಎಷ್ಟು ಮೆದು ದನಿ, ಎಷ್ಟು ಅಕ್ಕರೆಯ ಕಣ್ಣು.

"ಹೂಂ," ಎಂದವಳು ತನ್ನ ದನಿಗೆ ತಾನೇ ಬೆಚ್ಚಿಬಿದ್ದಳು. ಸೀರೆಯ ಬಣ್ಣಕ್ಕೂ, ಛತ್ರಕ್ಕೂ, ಗೆಳತಿಯರಲ್ಲಿ ಯಾರನ್ನು ಕರೆಯಬಾರದೆಂಬುದಕ್ಕೂ ಅವಳು ಹೀಗೇ ಹೂಂಗುಟ್ಟಿದ್ದಳು.

ರೈಲು ಬಂದು ನಿಂತಿತು.

"ಯಶವಂತ್, ನೀವಂದ್ರೆ ನನಗೆ ಪ್ರಾಣ. ಅದಕ್ಕೇ ಹೆದರಿಕೆ ಆಗ್ತಿದೆ. ನೀವು ಕೇಳಿದ್ರೆ ಇಲ್ಲದ ಇಷ್ಟಾನೂ ಇದೆ ಅಂತೀನಿ. ಈ ನಿಶ್ಚಿತಾರ್ಥ ಬೇಡ."

ಅವನು ಸಿಟ್ಟಾಗಲಿಲ್ಲ. ನಗುತ್ತಲೇ ಅವಳ ಮುಂಗುರುಳು ಸರಿಪಡಿಸಿದ. "ಸುಸ್ತಾಗಿದ್ದೀಯ, ಮಲಗು. ಬೆಳಿಗ್ಗೆ ನೀನೇ ಫೋನ್ ಮಾಡಿ ಸಾರಿ ಅಂತೀಯ."

ಅವನ ಕೈ ತಾಗಿದ ಹಣೆ ಹಿತವಾಗಿತ್ತು. ಗೌತಮಿ ಅಳುತ್ತಲೇ ರೈಲು ಹತ್ತಿದಳು. ಗಾಡಿ ಹೊರಡುವ ಮೊದಲೇ ಅಪ್ಪನಿಗೆ ಫೋನ್ ಮಾಡಿ ಎಲ್ಲ ನಿಲ್ಲಿಸಿ ಎಂದಳು. ಬೆಳಗಾಗುವವರೆಗೆ ಕಾಯುವಷ್ಟು ನಂಬಿಕೆ ಅವಳಿಗೆ ತನ್ನ ಮೇಲಿರಲಿಲ್ಲ.